ಅರಿಶಿನ ಹಚ್ಚಿದ ಕಾಗದ

ವಿಜಯನಗರದ ನೋಟರಿಯವರು ಕಾಗದವನ್ನು ಬಿಡಿಸಿ ನೋಡಿ ನಕ್ಕರು. “ಏನ್ ತಾಯಿ, ಲಗ್ನಪತ್ರಿಕೆ ತಂದಂಗಿದೆ?”

ನಾಲ್ಕು ಮೂಲೆಗೂ ಅರಿಶಿನ. ಬೆಳಿಗ್ಗೆ ಅತ್ತೆ ಅದನ್ನು ದೇವರ ಮುಂದಿಟ್ಟು, ಅಭ್ಯಾಸಬಲದಿಂದ ಹಚ್ಚಿಬಿಟ್ಟಿದ್ದರು. ನಮ್ಮ ಮನೆಗೆ ಸೈಟಿನ ಪತ್ರ ಬರಲಿ, ಮಕ್ಕಳ ಅಂಕಪಟ್ಟಿ ಬರಲಿ, ಮೊದಲು ಅರಿಶಿನ. ತಿಥಿಯ ಕಾರ್ಡು ಮಾತ್ರ ಒಳಗೆ ಬರುವುದಿಲ್ಲ. ಬಾಗಿಲಲ್ಲೇ ಓದಿ ಹರಿದುಹಾಕುತ್ತೇವೆ. ಈ ಕಾಗದ ಯಾವ ಜಾತಿಯದು ಎಂದು ಅತ್ತೆ ಯೋಚಿಸಲಿಲ್ಲ. ನೋಡುತ್ತ ನಿಂತಿದ್ದ ನಾನೂ ತಡೆಯಲಿಲ್ಲ.

ಅದರಲ್ಲಿದ್ದದ್ದು ಇಷ್ಟೇ. ಮುಂದೆಂದಾದರೂ ಅತ್ತೆ ಗುಣವಾಗುವ ಭರವಸೆಯಿಲ್ಲದೆ, ಮಾತೂ ನಿಂತು ಮಲಗಿದರೆ ಅವರಿಗೆ ಉಸಿರಾಟದ ಯಂತ್ರ ಹಾಕಬಾರದು, ಹಾಕಿದ್ದರೆ ತೆಗೆಯಬೇಕು. ಅವರ ಪರವಾಗಿ ಡಾಕ್ಟರಿಗೆ ಹೇಳಬೇಕಾದವಳು ಸೊಸೆ, ಅಂದರೆ ನಾನು. ನಾನಿಲ್ಲದಿದ್ದರೆ ನಾದಿನಿ. ಮಗನ ಹೆಸರು ಎಲ್ಲೂ ಇರಲಿಲ್ಲ.

ಹೋದ ವರ್ಷ ಮಾವನವರು ತೀರಿಕೊಳ್ಳುವ ಮುಂಚೆ ಐಸಿಯುನಲ್ಲಿ ಇಪ್ಪತ್ತಮೂರು ದಿನ ಇದ್ದರು. ಪ್ರತಿದಿನ ಡಾಕ್ಟರು ಕರೆದು ಕೇಳುವರು, ಪ್ರತಿದಿನ ನಮ್ಮನೆಯವರು “ಇನ್ನೊಂದಿನ ನೋಡೋಣ” ಎಂದು ಸಹಿ ಹಾಕುವರು. ನಳಿಕೆ ಕಿತ್ತುಕೊಳ್ಳದಿರಲಿ ಎಂದು ಮಾವನ ಮಣಿಕಟ್ಟನ್ನು ಮಂಚಕ್ಕೆ ಕಟ್ಟಿದ್ದರು. ಆ ಬಟ್ಟೆಯ ಅಂಚು ದಿನದಿನಕ್ಕೂ ಕಪ್ಪಾಗುತ್ತಿದ್ದುದು ನನಗೆ ನೆನಪಿದೆ. ಹೊರಗಿನ ಕುರ್ಚಿಯಲ್ಲಿ ಫ್ಲಾಸ್ಕ್ ಹಿಡಿದು ಕೂತ ಆ ದಣಿವು ಇನ್ನೂ ಮೈಯಿಂದ ಇಳಿದಿಲ್ಲ.

“ನಿಮ್ಮ ಮಗನ ಹೆಸರೇ ಹಾಕ್ಸಿ ಅತ್ತೆ” ಎಂದು ಬೇಡಿಕೊಂಡಿದ್ದೆ.

“ಅವ್ನು ಅಳ್ತಾನೆ ಕಣೆ. ಅಳ್ತಾ ಅಳ್ತಾ ಇನ್ನೊಂದು ನಳಿಕೆ ಹಾಕುಸ್ಬುಡ್ತಾನೆ. ನಿಂದು ಗಟ್ಟಿ ಮನಸ್ಸು.”

ಗಟ್ಟಿ ಮನಸ್ಸು! ಕಾನ್ವೆಂಟಿನಲ್ಲಿ ನೀರು ಕುಡಿಯಲೂ ಎದ್ದುನಿಂತು ಸಿಸ್ಟರ್ ಹತ್ತಿರ ಅನುಮತಿ ಕೇಳಿ ಬೆಳೆದವಳು ನಾನು. ಇವತ್ತಿಗೂ ಸೊಪ್ಪಿನವಳಿಗೆ ಬೇಡ ಎನ್ನಲು ಬಾರದೆ ಎರಡು ಕಟ್ಟು ಹೆಚ್ಚಿಗೆ ತರುತ್ತೇನೆ.

ಅತ್ತೆ ಸಹಿ ಮಾಡಿದರು. ಜೊತೆಗೆ ಬಂದಿದ್ದ ಪಕ್ಕದ ಮನೆಯ ಗಂಡಹೆಂಡತಿ ಸಾಕ್ಷಿ ಹಾಕಿದರು. ನಾನು ಒಪ್ಪಿಗೆಯ ಸಹಿ ಹಾಕಿದೆ. ನೋಟರಿಯವರ ನೀಲಿ ಮುದ್ರೆ ಕೆಳಗಿನ ಅರಿಶಿನದ ಮೇಲೇ ಬಿದ್ದು, ಅದರ ಅರ್ಧ ಹಸಿರಾಗಿ ಕಂಡಿತು.

ಕುಂಬಾರಕೊಪ್ಪಲಿನ ಮನೆಗೆ ಬಂದ ಮೇಲೆ ಅತ್ತೆ ನೆನೆಸಿದ್ದ ಅವರೆಕಾಳನ್ನು ಹಿದುಕಲು ಕೂತರು. ನಾನೂ ಕೂತೆ.

“ಎಲ್ಲಿ, ನಾನೇ ಡಾಕ್ಟ್ರು ಅನ್ಕೋ. ಹೇಳು ನೋಡಣ.”

“ಬಿಡಿ ಅತ್ತೆ.”

“ಹೇಳೇ.”

“ಡಾಕ್ಟ್ರೇ, ದಯವಿಟ್ಟು... ತಪ್ಪು ತಿಳ್ಕೋಬೇಡಿ... ಆಗುತ್ತೆ ಅಂದ್ರೆ...”

“ಥೂ, ಹೆಣ್ಣು ಕೇಳಕ್ಕೆ ಹೋಗಿದ್ದೀಯೇನೆ? ಕೇಳ್ಬೇಡ. ಹೇಳು!”

ಅವರು ಕಾಳು ಹಿದುಕುತ್ತಲೇ ಇದ್ದರು, ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಅವರ ಮಣಿಕಟ್ಟಿನಲ್ಲಿ ಎರಡು ಬಳೆ ಸಡಿಲವಾಗಿ ಓಡಾಡುತ್ತಿದ್ದವು. ನಾನು ಅದನ್ನೇ ನೋಡುತ್ತಿದ್ದೆ.

“ಸಾಕು” ಎಂದೆ. “ಅವ್ರು ಬೇಡ ಅಂದಿದ್ದಾರೆ. ತೆಗೀರಿ.”

ಬಾಗಿಲ ಬಳಿ ನಮ್ಮನೆಯವರು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

“ಕೇಳುಸ್ಕೊಂಡ್ಯೇನೋ?” ಎಂದರು ಅತ್ತೆ. “ಇವ್ಳು ಹಿಂಗಂದಾಗ ನೀನು ಅಡ್ಡ ಬರಂಗಿಲ್ಲ.”

ನಮ್ಮನೆಯವರು ಬಂದು ನನ್ನ ಪಕ್ಕ ಕೂತು ಒಂದು ಹಿಡಿ ಕಾಳು ತೆಗೆದುಕೊಂಡರು. ಹಿದುಕಲು ಬಾರದೆ ಬೇಳೆಯೆಲ್ಲ ನಜ್ಜುಗುಜ್ಜಾಯಿತು. ಅತ್ತೆ ಬೈಯಲಿಲ್ಲ.

“ಹ್ಞೂಂ, ಬಂತು” ಎಂದರು ನನಗೆ. “ನಾಳೆ ಇನ್ನೊಂದ್ಸಲ ಹೇಳು. ಮರ್ತೋಗ್ಬಾರ್ದು.”

ಒಗ್ಗರಣೆಗೆ ಈರುಳ್ಳಿ ಹೆಚ್ಚಬೇಕಿತ್ತು. ಬಹಳ ಹೊತ್ತು ನಾನು ಕೂತಲ್ಲಿಂದ ಏಳದೆ ಕಾಳು ಹಿದುಕುತ್ತಲೇ ಇದ್ದೆ.