ವೀರಭದ್ರನ ಬಲಭುಜದ ಹೂ

ಗಿರಿಜಾ, ಹೂವಿಗೆ ಬೆಲ್ಲದ ಪಾಕ ಸವರಿದವಳು ನಾನೇ. ದೇವರು ಬೇಡ ಅನ್ನಲಿಲ್ಲ. ನಿನ್ನ ಅಜ್ಜಿಯಾದ ನಾನು ಬೇಡ ಅನ್ನಿಸಿದೆ.

ನಿಮ್ಮಜ್ಜ ಎರಡು ಸಲ ಶಾಸಕರಾಗಿದ್ದವರು. ಅವರು ಹೋದ ಮೇಲೆ ಪಕ್ಷದವರು ಚುನಾವಣೆಗೆ ನಿಲ್ಲಲು ನಿನ್ನನ್ನೇ ಕೇಳಿದರು. ಆಗ ನೀನು ಮುಂಬೈಯಲ್ಲಿ ದೊಡ್ಡ ಬ್ಯಾಂಕಿನಲ್ಲಿದ್ದೆ — ಒಂದು ಕಂಪನಿಯನ್ನು ಇನ್ನೊಂದಕ್ಕೆ ಕೊಡಿಸುವ ಕೆಲಸ. ನನಗೆ ತಿಳಿಯಲೆಂದು ನೀನೇ ಹೇಳಿದ್ದೆ: "ಎತ್ತಿನ ಸಂತ್ಯಾಗ ದಲ್ಲಾಳಿ ಟವೆಲ್ ಕೆಳಗ ಬೆರಳು ಹಿಡಿದು ದರ ಕುದುರಸ್ತಾನಲ್ಲಜ್ಜಿ, ಅದ ಕೆಲಸ. ನಮ್ಮದು ಕಾಗದದ ಮ್ಯಾಲ, ಅಷ್ಟ." ಅದನ್ನು ಬಿಟ್ಟು ಬರಲು ತಯಾರಾಗಿದ್ದೆ. ರಾಜೀನಾಮೆ ಬರೆದು ಚೀಲದಲ್ಲಿಟ್ಟುಕೊಂಡೇ ಕೊಟ್ಟೂರಿಗೆ ಬಂದಿದ್ದೆ.

ನಮ್ಮ ಮನೆಯಲ್ಲಿ ವೀರಭದ್ರನಿಗೆ ಹೂ ಕೇಳದೆ ಯಾರೂ ಚುನಾವಣೆಗೆ ನಿಂತದ್ದಿಲ್ಲ. ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸುವುದು. ಬಲಗಡೆಯದು ಮೊದಲು ಬಿದ್ದರೆ ಹೂಂ, ಎಡಗಡೆಯದಾದರೆ ಬೇಡ. ಹೂ ಇಡುವವಳು ಮನೆಯ ಹಿರಿಯಳು — ನಾನು. ಅಂದು ಹೋಳಿಗೆಗೆ ಬೆಲ್ಲ ಕರಗಿಸಿಟ್ಟಿದ್ದೆವು. ಒಂದು ಬೆರಳು ಅದ್ದಿಕೊಂಡು ಹೋದೆ...

ಎಡಗಡೆಯ ಹೂ ಬಿತ್ತು. ಬಲಗಡೆಯದು ಅಲುಗಲಿಲ್ಲ.

"ಬ್ಯಾಡ ಅಂತೈತಿ ನೋಡವ್ವ. ನಿನ್ನ ಚಿಕ್ಕಪ್ಪನ ನಿಲ್ಲಲಿ," ಎಂದೆ.

"ದೇವರ ಅಂದ ಮ್ಯಾಲ ಆತು ಬಿಡಜ್ಜಿ," ಎಂದೆ ನೀನು. ಮರುದಿನ ನೀನು ಬಸ್ಸು ಹತ್ತುವ ಹೊತ್ತಿಗೆ ದೇವರ ಬಲಭುಜಕ್ಕೆ ಇರುವೆ ಮುತ್ತಿದ್ದವು. ಸೆರಗಿನಿಂದ ಒರೆಸಿದೆ.

ನಿನ್ನ ಚಿಕ್ಕಪ್ಪ ನಿಂತ, ಸೋತ. ನೀನು ಮುಂಬೈಯಲ್ಲಿ ದೊಡ್ಡ ಹುದ್ದೆಗೇರಿದೆ. ಅದನ್ನು ತೋರಿಸಿ, ಒಳ್ಳೆಯದೇ ಆಯಿತಲ್ಲ ಎಂದು ನಾನು ಹೇಳಬಹುದು. ಹೇಳುವುದಿಲ್ಲ. ಹೆಣ್ಣುಮಗಳು, ನಾಳೆ ಇನ್ನೊಂದು ಮನೆ ಸೇರುವವಳು, ಅದಕ್ಕೇ ಹಾಗೆ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ — ಅದೂ ಪೂರ್ತಿ ನಿಜವಲ್ಲ. ಊರವರು ಕೆಲಸ ಕೇಳಿಕೊಂಡು ಬಂದರೆ ನನ್ನ ಮುಂದೆ ಕೂರುತ್ತಿದ್ದರು. ನಿನ್ನ ಚಿಕ್ಕಪ್ಪ ಗೆದ್ದಿದ್ದರೂ ನನ್ನ ಮುಂದೆಯೇ ಕೂರುತ್ತಿದ್ದರು. ನೀನು ಗೆದ್ದಿದ್ದರೆ — ನಿನ್ನ ಮುಂದೆ.

ಈ ಸಲ ನೀನು ಬಂದಾಗ ಹೇಳಿಬಿಟ್ಟೆ.

"ಚಿಕ್ಕಪ್ಪ ಗೆದ್ದಿದ್ರ ಹೇಳ್ತಿದ್ಯೇನಜ್ಜಿ?"

"ಇಲ್ಲ."

"ಹಂಗಾದ್ರ ಚಿಕ್ಕಪ್ಪನ ಮುಂದನೂ ಹೇಳು."

ಪೂಜೆ ಮುಗಿದ ಮೇಲೆ ಎಲ್ಲರೂ ಊಟಕ್ಕೆ ಕೂತಿದ್ದಾಗ ಹೇಳಿದೆ. ನಿನ್ನ ಚಿಕ್ಕಪ್ಪ ತಟ್ಟೆ ಸರಿಸಿದ. "ನಿನ್ನ ಬೆಲ್ಲ ನಂಬಿ ನಾನು ಊರೂರು ತಿರುಗಿ ಕೈ ಮುಗದ್ನೇನಬೇ?" ಅಂದು, ಎದ್ದು ಹೋದ. ನೀನೂ ಹೊರಡುವಾಗ ಕಾಲಿಗೆ ಬೀಳಲಿಲ್ಲ. ಸರಿಯೇ ಮಾಡಿದೆ ನೀನು.

ಆದರೂ ನಿಜ ಹೇಳುತ್ತೇನೆ — ಅಂದು ಒಂದು ರೊಟ್ಟಿ ಹೆಚ್ಚು ತಿಂದೆ.

ಈಗ ಹೂ ಇಡುವವಳು ನನ್ನ ಸೊಸೆ. ನಾನು ಮುಂದಿನ ಸಾಲಿನಲ್ಲಿ ಕೂರುತ್ತೇನೆ, ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು — ಎಲ್ಲರಿಗೂ ಕಾಣುವ ಹಾಗೆ.