ಕಪಾಳವೋ ಕಪಾಲವೋ

ಆ ಮುದ್ರಣಾಲಯದಲ್ಲಿ ಕರಡು ತಿದ್ದುವ ಹೆಂಗಸಿಗೆ ಇಪ್ಪತ್ತೆರಡು ವರ್ಷಗಳಿಂದ ನಿಘಂಟಕ್ಕ ಎಂದೇ ಹೆಸರು. ಯಂತ್ರ ನಡೆಸುವವನಿಂದ ಹಿಡಿದು ಮಾಲೀಕರ ತನಕ, ಯಾವ ಪದದ ಬಗ್ಗೆ ಸಂದೇಹ ಬಂದರೂ ಕಿಟಕಿ ಪಕ್ಕದ ಅವಳ ಮೇಜಿಗೇ ಬರಬೇಕು.

ಹೊಸ ಹುಡುಗಿಯೊಬ್ಬಳು ಕೆಲಸಕ್ಕೆ ಸೇರಿ ಎಂಟು ತಿಂಗಳಾಗುವಷ್ಟರಲ್ಲಿ ಜನ ಆ ಮೇಜನ್ನು ದಾಟಿ ಹೋಗತೊಡಗಿದರು. ಹುಡುಗಿ ನಗುತ್ತ ಉತ್ತರ ಕೊಡುತ್ತಿದ್ದಳು; ಕೇಳಿದವರ ದಡ್ಡತನವನ್ನು ಆಡಿಕೊಳ್ಳುತ್ತಿರಲಿಲ್ಲ. ನಿಘಂಟಕ್ಕನ ಹೊಟ್ಟೆಗೆ ಬೆಂಕಿ ಬಿತ್ತು. ಮನೆಯಲ್ಲೂ ಅದೇ ಮಾತು.

"ಇವತ್ತು ಮಾಲೀಕರು ಅವಳ ಹತ್ರ ಹತ್ತು ನಿಮಿಷ ನಿಂತಿದ್ರು."

"ನೀನು ಗಡಿಯಾರ ನೋಡ್ತಾ ಕೂತಿದ್ಯಾ?" ಎಂದ ಗಂಡನಿಗೆ ಅಂದು ತಣ್ಣಗಿನ ಊಟವೇ ಗತಿಯಾಯಿತು.

ಆಗ ಶಿಕ್ಷಕರಿಗಾಗಿ ವೈದ್ಯರೊಬ್ಬರು ಬರೆದ ಪ್ರಥಮ ಚಿಕಿತ್ಸೆಯ ಪುಸ್ತಕ ಅಚ್ಚಿಗೆ ಬಂತು. ಮೊದಲು ಹುಡುಗಿ ತಿದ್ದಬೇಕು, ಕೊನೆಗೆ ನಿಘಂಟಕ್ಕ ನೋಡಿ ಸಹಿ ಹಾಕಬೇಕು. ನಲವತ್ತೊಂದನೆಯ ಪುಟದಲ್ಲಿ ಅವಳ ಪೆನ್ಸಿಲ್ ನಿಂತಿತು: 'ಮಗುವಿನ ಕಪಾಳಕ್ಕೆ ಪೆಟ್ಟು ಬಿದ್ದರೆ ಅಲುಗಾಡಿಸದೆ ಮಲಗಿಸಿ.' ಇರಬೇಕಾದದ್ದು ಕಪಾಲ, ಅಂದರೆ ತಲೆಬುರುಡೆ. ಕಪಾಳ ಎಂದರೆ ಜನರ ಬಾಯಲ್ಲಿ ಕೆನ್ನೆ, ಸಿಟ್ಟು ಬಂದವರು ಬಾರಿಸುವ ಜಾಗ. ಒಂದು ಗೀಟು ಎಳೆದಿದ್ದರೆ ಮುಗಿಯುತ್ತಿತ್ತು. ಹುಡುಗಿಯ ಮಾನ ಹೋಗಲಿ ಎಂದುಕೊಂಡು ಎಳೆಯಲಿಲ್ಲ. ಕರಡಿನ ಕಟ್ಟಿನ ಹಿಂದೆ ಹುಡುಗಿ ಪಿನ್ನು ಚುಚ್ಚಿಟ್ಟಿದ್ದ ಚೀಟಿಯನ್ನೂ ನೋಡದೆ ಸಹಿ ಹಾಕಿಬಿಟ್ಟಳು.

ಎರಡು ಸಾವಿರ ಪ್ರತಿ ಅಚ್ಚಾದ ಮೇಲೆ ಯಂತ್ರ ನಡೆಸುವವನು ಆ ಸಾಲು ಓದಿ ನಕ್ಕ. "ಕಪಾಳಕ್ಕೆ ಬಿದ್ರೆ ಮಲಗಿಸ್ಬೇಕಂತೆ. ನಮ್ಮನೇಲಿ ಇಷ್ಟು ವರ್ಷ ನನ್ನನ್ನ ಯಾರೂ ಮಲಗಿಸ್ಲೇ ಇಲ್ಲ."

ಮಾಲೀಕರು ಇಬ್ಬರನ್ನೂ ಕರೆಸಿದರು.

"ಹಳೇ ಬರವಣಿಗೇಲಿ ಕಪಾಳ ಅಂದ್ರೂ ತಲೆಬುರುಡೆನೇ ಸರ್, ಡಾಕ್ಟರು ಅದನ್ನೇ ಹಿಡ್ಕೊಂಡಿದ್ರು," ಎಂದಳು ಹುಡುಗಿ. "ನಂಗೆ ಸರಿ ಅನಿಸ್ಲಿಲ್ಲ. ಚೀಟಿ ಬರ್ದಿಟ್ಟಿದ್ದೆ."

ಮಾಲೀಕರು ಕಟ್ಟು ತಿರುಗಿಸಿ ಚೀಟಿ ಓದಿದರು: 'ಪುಟ ೪೧. ಕಪಾಳವೋ ಕಪಾಲವೋ, ಅಕ್ಕ ಹೇಳಿದಂತೆ.'

ಕಣ್ತಪ್ಪಿತು ಎಂದು ನಿಘಂಟಕ್ಕ ಹೇಳಿದ್ದರೆ ಎಲ್ಲರೂ ನಂಬುತ್ತಿದ್ದರು. ಆದರೆ 'ಅಕ್ಕ' ಎಂಬ ಆ ಎರಡಕ್ಷರ ಕಂಡು ಅವಳಿಗೆ ಸುಳ್ಳು ಬಾಯಿಗೆ ಬರಲಿಲ್ಲ.

"ಕಂಡಿತ್ತು. ಬೇಕಂತಲೇ ಬಿಟ್ಟೆ," ಎಂದಳು.

ಮಾಲೀಕರು ಆ ಪುಟ ತೆಗೆದು ಅವಳ ಮುಂದಿಟ್ಟರು. "ಮಗು ಬಿದ್ದಾಗ ಯಾರೋ ಮೇಷ್ಟ್ರು ಗಾಬರೀಲಿ ಇದನ್ನ ತೆಗೆದು ಓದ್ತಾರಮ್ಮ," ಎಂದರು. ಕೊನೆಯ ಸಹಿ ಇನ್ನು ಮುಂದೆ ಹುಡುಗಿಯದು ಎಂದಾಯಿತು.

ಮೂರು ದಿನ ಇಬ್ಬರೂ ಎದುರುಬದುರು ಕೂತು ತಪ್ಪಿನ ಮೇಲೆ ತಿದ್ದಿದ ಪದದ ಚೀಟಿ ಅಂಟಿಸಿದರು. ಹುಡುಗಿ ಮೊದಲ ದಿನ ತುಟಿ ಬಿಚ್ಚಲಿಲ್ಲ. ಎರಡನೆಯ ದಿನ, "ಅಂಟು ಈ ಕಡೆ ಸರಿಸಿ ಅಕ್ಕ," ಎಂದಳು. ನಿಘಂಟಕ್ಕ ಸರಿಸಿದಳು. ತಾನು ಅಂಟಿಸಿದ ಚೀಟಿಗಳು ಕೊಂಚ ಸೊಟ್ಟ, ಹುಡುಗಿಯವು ನೆಟ್ಟಗೆ ಸಾಲಿಗೆ ಸರಿಯಾಗಿ ಕೂತಿದ್ದವು. ನಾಚಿಕೆಯ ನಡುವೆಯೂ ಅದು ಅವಳಿಗೆ ಚುರುಕ್ ಎಂದಿತು.