ಬಿಸಿಲು ಹಾಳು ಮಾಡದ ಮಾವ

ಎಡ ಅಂಗೈಯನ್ನು ಹುಬ್ಬಿನ ಮೇಲೆ ಸೂರಿನ ಹಾಗೆ ಇಟ್ಟುಕೊಂಡೇ ಅವರು ಓಡಾಡುತ್ತಿದ್ದರು. ಹೀಗಾಗಿ ಮುಖವೆಲ್ಲ ಕಪ್ಪಾದರೂ ಹಣೆಯ ಮೇಲೊಂದು ಬೆಳ್ಳಗಿನ ಪಟ್ಟಿ ಉಳಿದಿತ್ತು. ಮಂಜಗುಣಿಯಲ್ಲಿ ನಮ್ಮ ನೆರೆಮನೆಯ ಮಾವ. ಸಬ್ಸಿಡಿಯಲ್ಲಿ ಸೋಲಾರ್ ಪಂಪು ಬಂದಂದಿನಿಂದ ಸೂರ್ಯನ ಮೇಲೆ ನಿಗಾ ಇಡುವುದೇ ಅವರ ಕೆಲಸವಾಗಿತ್ತು.

ಮೊದಲು ಕರೆಂಟು ಬಂದಾಗ ಪಂಪು, ಹೋದಾಗ ಬೈಗುಳ. ಈಗ ಬೆಳಗಿನಿಂದ ಸಂಜೆಯವರೆಗೆ ನೀರು. ಅತ್ತೆ ಅಂಕೋಲೆ ಪೇಟೆಯಲ್ಲಿ ಮಾರುವ ಹರಿವೆಯ ಸಾಲು ತೊಯ್ದು, ತೆಂಗಿನ ಬುಡ ತುಂಬಿ, ನೀರು ರಸ್ತೆಗೆ ಹರಿದರೂ ಪಂಪು ನಿಲ್ಲುತ್ತಿರಲಿಲ್ಲ.

"ಸಾಕು ಮಾವ. ಉಪ್ಪುನೀರಿನ ಹೊಳೆ ಮಗ್ಗುಲಲ್ಲೇ ಅದೆ. ಹೀಗೆ ಎಳೆದ್ರೆ ಬಾವಿಗೂ ಉಪ್ಪು ಬರ್ತದೆ," ಎಂದು ಕಾರವಾರದಿಂದ ಬಂದ ಪ್ರತಿ ಭಾನುವಾರ ಹೇಳುತ್ತಿದ್ದೆ.

"ನೀ ಪೇಪರಿನಂವ. ಎಲ್ಲದ್ರಲ್ಲೂ ಕೆಟ್ಟ ಸುದ್ದಿನೇ ಹುಡುಕೂದು. ಪುಕ್ಕಟೆ ಬಿಸಿಲು, ತಮಾ. ಹಾಳು ಮಾಡೂಕಾಗ್ತದಾ?"

ಊಟದ ಎಲೆಯಲ್ಲಿ ಒಂದು ಅಗುಳು ಬಿಡದ ಮನುಷ್ಯ; ಬಿಸಿಲನ್ನೂ ಹಾಗೆಯೇ ಕಂಡರು. ವಾದ ಮಾಡಿ ನನಗೆ ಸಾಕಾಗಿ ಹೋಗಿತ್ತು.

ಎರಡನೆಯ ಬೇಸಿಗೆಯಲ್ಲಿ ಹರಿವೆಯ ಎಲೆಯಂಚು ಸುಟ್ಟಿತು. ಅತ್ತೆ ಕೊಟ್ಟ ಚಹಾ ಒಂದು ಗುಟುಕು ಕುಡಿದ ಮಾವ, "ಸಕ್ಕರೆ ಡಬ್ಬಿ ಯಾವ್ದು, ಉಪ್ಪಿನ ಡಬ್ಬಿ ಯಾವ್ದು ಕಾಣೂದಿಲ್ವಾ ನಿಂಗೆ?" ಎಂದರು.

"ಡಬ್ಬಿ ಸರಿ ಅದೆ. ಬಾವಿ ಕೆಡ್ಸಿದ್ದು ನೀವು," ಎಂದರು ಅತ್ತೆ.

ಆದರೂ ಪಂಪು ನಿಲ್ಲಲಿಲ್ಲ. ಸುತ್ತಲ ಮನೆಗಳೆಲ್ಲ ಕುಡಿಯುತ್ತಿದ್ದುದು ಆ ಬಾವಿಯ ನೀರನ್ನೇ. ಒಂದು ಬೆಳಿಗ್ಗೆ ನನ್ನ ಅಮ್ಮ ಕೊಡ ತುಂಬಿ, ಬೊಗಸೆಯಲ್ಲಿ ರುಚಿ ನೋಡಿ, ನೀರನ್ನು ಅವರ ಬಾಳೆಬುಡಕ್ಕೇ ಸುರಿದು, ಖಾಲಿ ಕೊಡ ಎತ್ತಿಕೊಂಡು ಹೊರಟರು. ಮಾವ ಜಗಲಿಯಲ್ಲಿ ಕೂತು ನೋಡುತ್ತಿದ್ದರು.

ಮುಂದಿನ ಭಾನುವಾರ ನಾನು ಹೋದಾಗ ಸೋಲಾರ್ ಫಲಕಗಳ ಮೇಲೆ ಮಡಲು ಹೊದೆಸಿತ್ತು. ಮಳೆಗಾಲಕ್ಕೆ ಗೋಡೆಗೆ ಕಟ್ಟುವಂಥದೇ ಹೆಣೆದ ತೆಂಗಿನ ಗರಿ. ಪಂಪು ಸುಮ್ಮನಿತ್ತು.

"ಸ್ವಿಚ್ ಆರಿಸಿದ್ರೆ ಸಾಕಾಗಿತ್ತಲ್ಲ ಮಾವ?"

"ಸ್ವಿಚ್ ನನ್ನ ಕೈಗೆ ಸಿಗ್ತದಲ್ಲ, ತಮಾ. ಬಿಸಿಲು ಕಂಡ್ರೆ ಸುಮ್ನಿರೂಕಾಗೂದಿಲ್ಲ," ಎಂದು ಮುಖ ತಿರುಗಿಸಿದರು.

ಬಾವಿ ಮತ್ತೆ ಸಿಹಿಯಾದದ್ದನ್ನು ಅವರು ನೋಡಲಿಲ್ಲ. ಆ ಮಳೆಗಾಲದಲ್ಲೇ ತೀರಿಕೊಂಡರು. ಈಗ ಅತ್ತೆ ಬೆಳಿಗ್ಗೆ ಮಡಲು ಸರಿಸಿ, ಹರಿವೆಗೆ ಬೇಕಾದಷ್ಟು ನೀರು ಬಿಟ್ಟು, ಮತ್ತೆ ಮುಚ್ಚುತ್ತಾರೆ. ಅಮ್ಮ ಅದೇ ಬಾವಿಯ ನೀರಲ್ಲಿ ಚಹಾ ಮಾಡುತ್ತಾರೆ. ಲೋಟ ಹಿಡಿದು ಅಂಗಳಕ್ಕೆ ಬಂದರೆ ಎದುರಿಗೆ ಮುಚ್ಚಿದ ಫಲಕ, ಮೇಲೆ ಸುಡುವ ಬಿಸಿಲು. ನನ್ನ ಎಡಗೈ ತಾನಾಗಿ ಹುಬ್ಬಿಗೆ ಹೋಗುತ್ತದೆ. ಎಷ್ಟೊಂದು ಬಿಸಿಲು ಹಾಳಾಗುತ್ತಿದೆಯಲ್ಲ ಎಂದು ಹೊಟ್ಟೆ ಉರಿಯುತ್ತದೆ. ಅಷ್ಟು ವಾದ ಮಾಡಿಯೂ ಅವರಿಗೆ ನಾನೇನೂ ಕಲಿಸಲಾಗಲಿಲ್ಲ; ಅವರ ಕಾಯಿಲೆ ಮಾತ್ರ ನನಗೆ ಅಂಟಿತು.